ಅಂಗೈಗೆ ಇಳಿದ ಯುದ್ಧಗಳು

ದೊಡ್ಡದನ್ನು ಚಿಕ್ಕದು ಮಾಡುವುದೇ ಹೊಟ್ಟೆಪಾಡಾಗಿದ್ದ ಕಾಲವೊಂದಿತ್ತು ಎಂದರೆ ಈಗಿನ ಹುಡುಗರು ನಂಬುವುದಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ನವಿ ಮುಂಬಯಿಯ ಮಹಾಪೆಯಲ್ಲಿ ನಾನು ಮಾಡುತ್ತಿದ್ದುದು ಅದೇ ಕೆಲಸ. ಬೇರೆಲ್ಲೋ ಬರೆದು ಮುಗಿಸಿದ ಮೊಬೈಲ್ ಆಟವೊಂದು ನಮ್ಮ ಮೇಜಿಗೆ ಬರುತ್ತಿತ್ತು. ನೋಕಿಯಾ 6600ನಂಥ ದುಬಾರಿ ಫೋನಿನಲ್ಲಿ ಅದು ಸೊಗಸಾಗಿ ಓಡುತ್ತಿರುತ್ತಿತ್ತು. ಜನರ ಕೈಯಲ್ಲಿ ನಿಜವಾಗಿ ಇದ್ದ ಅಗ್ಗದ ಫೋನುಗಳಿಗೆ ಅದನ್ನು ಇಳಿಸುವುದು ನಮ್ಮ ಪಾಲಿನದು. ಪೋರ್ಟಿಂಗ್ ಅನ್ನುತ್ತಿದ್ದೆವು. ಆಟ ಒಂದೇ, ಹ್ಯಾಂಡ್‌ಸೆಟ್ಟುಗಳು ಮಾತ್ರ ಲೆಕ್ಕವಿಲ್ಲದಷ್ಟು. ಒಂದರ ಪರದೆಯ ಅಳತೆ ಇನ್ನೊಂದಕ್ಕಿಲ್ಲ, ಒಂದರ ಗುಂಡಿಯ ಸಂಕೇತ ಇನ್ನೊಂದಕ್ಕೆ ತಿಳಿಯದು. ನೋಕಿಯಾದಲ್ಲಿ ಪರದೆಯ ಕೆಳಗಿನ ಎಡ ಗುಂಡಿ ಒತ್ತಿದರೆ ಪ್ರೋಗ್ರಾಮಿಗೆ ಮೈನಸ್ 6 ಎಂಬ ಅಂಕಿ ಬರುತ್ತಿತ್ತು, ಬಲ ಗುಂಡಿಗೆ ಮೈನಸ್ 7. ಬೇರೆ ಕಂಪನಿಯ ಫೋನು ಕೈಗೆತ್ತಿಕೊಂಡರೆ ಈ ವಿದ್ಯೆಯೆಲ್ಲ ವ್ಯರ್ಥ. ನನಗೆ ಅನೇಕ ಬಂಧುಗಳ ಮನೆ ನಂಬರ್ ಮರೆತಿದೆ, ಈ ಮೈನಸ್ 6, ಮೈನಸ್ 7 ಮಾತ್ರ ಇನ್ನೂ ಮರೆತಿಲ್ಲ.

ಆ ಹೊತ್ತಿಗೆ ಥಾಣೆ–ಬೇಲಾಪುರ ರಸ್ತೆಗೆ ಹೊಸ ಕಳೆ ಬರತೊಡಗಿತ್ತು. ಹಳೆಯ ಕೆಮಿಕಲ್ ಕಾರ್ಖಾನೆಗಳ ನಡುವೆ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಕೊಪರಖೈರಣೆಯ ಧೀರೂಭಾಯಿ ಅಂಬಾನಿ ನಾಲೆಜ್ ಸಿಟಿಯಲ್ಲಿ ಕೂತು ರಿಲಯನ್ಸ್ ಇನ್ಫೋಕಾಂ 2002ರ ಡಿಸೆಂಬರಿನಲ್ಲಿ ಮೊಬೈಲ್ ಸೇವೆ ಶುರು ಮಾಡಿತ್ತು. ಮರು ವರ್ಷ ಮಳೆಗಾಲದಲ್ಲಿ 501 ರೂಪಾಯಿ ಕಟ್ಟಿ ಫೋನು ಒಯ್ಯಿರಿ ಎಂದು ಸಾರಿತು. ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಹಾಲಿನವನ ಕೈಯಲ್ಲೂ ಫೋನು ಬಂತು. 2004ರ ನವೆಂಬರಿನಲ್ಲಿ ಥಾಣೆ–ವಾಶಿ ಲೋಕಲ್ ಓಡತೊಡಗಿತು. ಅಲ್ಲಿಯತನಕ ಶೀಳ್‌ಫಾಟಾ ಮೇಲಿನಿಂದ ಬಸ್ಸಿನಲ್ಲಿ ಧೂಳು ಕುಡಿಯುತ್ತ ಬರುತ್ತಿದ್ದ ನಮ್ಮಂಥವರಿಗೆ ಘಣಸೋಲಿ ಸ್ಟೇಷನ್ ಒಂದು ವರವೇ ಆಯಿತು. ಹಿಂದೆ ಕಾರ್ಖಾನೆಯ ಭೋಂಗಾ ಕೇಳಿ ಎಚ್ಚರಾಗುತ್ತಿದ್ದ ಊರುಗಳವು. ಈಗ ಅಲ್ಲಿ ನಾವು, ಇಪ್ಪತ್ತೆರಡು-ಇಪ್ಪತ್ತಮೂರರ ಹುಡುಗರು, ಹತ್ತಾರು ಫೋನುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ಆಟವಾಡಿ ಸಂಬಳ ತೆಗೆದುಕೊಳ್ಳುತ್ತಿದ್ದೆವು. ಊರಲ್ಲಿ ಅಜ್ಜನಿಗೆ ಇದನ್ನು ಹೇಳಿ ಅರ್ಥ ಮಾಡಿಸಲು ಆಗಲೇ ಇಲ್ಲ.

ಕೆಲಸವೇನೋ ಆಟದ್ದು, ಆದರೆ ಅದರ ಒಳಗೆ ಜಿಪುಣನ ಲೆಕ್ಕಾಚಾರ. ಆಗಿನ ನೋಕಿಯಾದ ಸೀರೀಸ್ 40 ಫೋನುಗಳು 128×128 ಚುಕ್ಕಿಯ ಪರದೆಯವು. ಇಡೀ ಆಟ, ಅಂದರೆ ಪ್ರೋಗ್ರಾಮು, ಚಿತ್ರ, ಸಂಗೀತ, ಮಾತು ಎಲ್ಲ ಸೇರಿ 64 ಕಿಲೋಬೈಟ್ ಮೀರಕೂಡದು. ಮೀರಿದರೆ ಫೋನು ಆಟವನ್ನು ಒಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ. ಇವತ್ತು ವಾಟ್ಸಾಪಿನಲ್ಲಿ ಬೆಳಗ್ಗೆ ಬಂದು ಬೀಳುವ ಒಂದು ಗುಡ್ ಮಾರ್ನಿಂಗ್ ಹೂವಿನ ಚಿತ್ರವೇ ಇದಕ್ಕಿಂತ ಭಾರವಾಗಿರುತ್ತದೆ. ಹೀಗಾಗಿ ಉಳಿತಾಯಕ್ಕೆ ನಾವು ಬಳಸದ ಉಪಾಯವಿಲ್ಲ. ಪ್ರತಿ ಚಿತ್ರದ ಫೈಲಿನ ತಲೆಯಲ್ಲೂ ಒಂದಿಷ್ಟು ಬೈಟು ವೃಥಾ ಹೋಗುತ್ತಿತ್ತು. ಅದಕ್ಕೆ ಎಲ್ಲ ಚಿತ್ರಗಳನ್ನೂ ಒಂದೇ ಹಾಳೆಯಲ್ಲಿ ಅಂಟಿಸಿ, ಬೇಕಾದಾಗ ಬೇಕಾದ ತುಂಡನ್ನಷ್ಟೇ ತೋರಿಸುತ್ತಿದ್ದೆವು. ಎಡಕ್ಕೆ ನಡೆಯುವ ಸೈನಿಕನ ಚಿತ್ರ ಇದ್ದರೆ ಬಲಕ್ಕೆ ನಡೆಯುವವನನ್ನು ಬರೆಯುತ್ತಿರಲಿಲ್ಲ, ಅವನನ್ನೇ ತಿರುಗಿಸಿ ಬಿಡುತ್ತಿದ್ದೆವು. ಹಾಗಾಗಿ ಆ ಕಾಲದ ಎಷ್ಟೋ ವೀರರು ಅರ್ಧ ಹೊತ್ತು ಎಡಗೈಯಲ್ಲಿ ಕತ್ತಿ ಹಿಡಿದವರು! ಪ್ರೋಗ್ರಾಮಿನೊಳಗೆ ಚಂದದ ಹೆಸರುಗಳಿದ್ದರೆ ಒಂದು ಸಾಫ್ಟ್‌ವೇರ್ ಅವನ್ನೆಲ್ಲ ಎ, ಬಿ, ಸಿ ಎಂದು ಮೊಟಕು ಮಾಡುತ್ತಿತ್ತು. ರಾತ್ರಿ ಹತ್ತಕ್ಕೆ ಯಾರೋ ಮೂಲೆಯಿಂದ ‘ಮುನ್ನೂರು ಬೈಟ್ ಸಿಕ್ತು’ ಎಂದು ಕೂಗಿದರೆ ಇಡೀ ಫ್ಲೋರ್ ಚಪ್ಪಾಳೆ ತಟ್ಟುತ್ತಿತ್ತು.

ಓಡುವ, ಗುಂಡು ಹೊಡೆಯುವ ಆಟಗಳನ್ನು ಇಳಿಸುವುದು ಅಷ್ಟೇನೂ ಕಷ್ಟವಲ್ಲ. ಶತ್ರುಗಳ ಸಂಖ್ಯೆ ಕಡಿಮೆ ಮಾಡಿ, ಹಿನ್ನೆಲೆಯ ಗುಡ್ಡ ತೆಗೆದರೆ ಮುಗಿಯಿತು. ಬೆವರಿಳಿಸುತ್ತಿದ್ದುದು ಸರದಿಯ ಯುದ್ಧದಾಟಗಳು. ಚದುರಂಗದಂತೆ ಮನೆ ಮನೆಯಾಗಿ ಹಾಸಿದ ನೆಲ. ನೀವೊಂದು ನಡೆ, ಎದುರಾಳಿಯದೊಂದು ನಡೆ. ಚದುರಂಗದ ಕಾಯಿಗೆ ನೆನಪಿಲ್ಲ, ಈ ಆಟದ ಕಾಯಿಗೆ ಉಂಟು. ಅವನಿಗೆ ಹೆಸರಿದೆ, ಕಸುಬಿದೆ, ಹಿಂದಿನ ಯುದ್ಧದಲ್ಲಿ ಕಲಿತ ವಿದ್ಯೆಯಿದೆ. ಇದರಲ್ಲಿ ಏನನ್ನು ತೆಗೆದರೂ ಬೇರೆಲ್ಲೋ ಒಂದು ಎಳೆ ಬಿಚ್ಚಿಕೊಳ್ಳುತ್ತದೆ. ಒಬ್ಬ ಮಂತ್ರವಾದಿಯನ್ನು ತೆಗೆದಿರಾ, ಅವನಿಗೆ ಹೆದರಿ ದೂರ ನಿಲ್ಲುತ್ತಿದ್ದ ಬಿಲ್ಲುಗಾರನಿಗೆ ಈಗ ಕೆಲಸವೇ ಇಲ್ಲ. ಅಂಥ ಆಟವನ್ನು ಚಿಕ್ಕ ಫೋನಿಗೆಂದೇ ಮೊದಲಿನಿಂದ ಕಟ್ಟಿದವರೂ ಇದ್ದರು. 2004ರಲ್ಲಿ ಮ್ಯಾಕ್ರೋಸ್ಪೇಸ್ ಎಂಬ ಕಂಪನಿ ತಂದ ‘ಏನ್ಷಂಟ್ ಎಂಪೈರ್ಸ್’ ನಮ್ಮ ಆಫೀಸಿನಲ್ಲಿ ಪಠ್ಯಪುಸ್ತಕದ ಹಾಗೆ ಕೈಯಿಂದ ಕೈಗೆ ಹೋಗುತ್ತಿತ್ತು. ನಾವು ಅದನ್ನು ಊಟದ ಹೊತ್ತಿನಲ್ಲಿ ಆಡುತ್ತಿದ್ದುದು ಅರ್ಧ ಖುಷಿಗೆ, ಅರ್ಧ ಹೊಟ್ಟೆಕಿಚ್ಚಿಗೆ.

ಆದರೆ ಇಳಿಸುವ ಕೆಲಸದ ರುಚಿ ನನಗೆ ಪೂರ್ತಿ ಹತ್ತಿದ್ದು ಆಫೀಸಿನ ಆಟದಿಂದಲ್ಲ, ಜಪಾನಿನ ಒಂದು ಆಟದಿಂದ. ‘ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್’ ಎಂದು ಅದರ ಹೆಸರು. ಸ್ಕ್ವೇರ್ ಕಂಪನಿ ಅದನ್ನು ಸೋನಿಯ ಮೊದಲ ಪ್ಲೇಸ್ಟೇಷನ್ನಿಗೆ 1997ರ ಜೂನ್‌ನಲ್ಲಿ ತಂದಿತ್ತು. ಬರೆದವರು ಯಾಸುಮಿ ಮಾತ್ಸುನೊ. ಅದಕ್ಕೆ ಮೊದಲು ‘ಟ್ಯಾಕ್ಟಿಕ್ಸ್ ಓಗರ್’ ಬರೆದು ಈ ಬಗೆಯ ಆಟಕ್ಕೆ ದಾರಿ ಹಾಕಿದವರೂ ಅವರೇ. ಇವಲೀಸ್ ಎಂಬ ರಾಜ್ಯ, ಇಬ್ಬರು ಡ್ಯೂಕರ ನಡುವೆ ಸಿಂಹಾಸನಕ್ಕಾಗಿ ಯುದ್ಧ, ಧರ್ಮಪೀಠದ ಒಳಸಂಚು, ಮೇಲ್ಮನೆತನದ ರಾಮ್ಜಾ, ಬಡವರ ಮನೆಯ ಡೆಲೀಟಾ ಎಂಬ ಗೆಳೆಯರಿಬ್ಬರು. ಒಬ್ಬ ಸತ್ಯದ ಬೆನ್ನು ಹತ್ತಿ ಇತಿಹಾಸದಿಂದಲೇ ಅಳಿಸಿಹೋಗುತ್ತಾನೆ, ಇನ್ನೊಬ್ಬ ಸುಳ್ಳಿನ ಮೆಟ್ಟಿಲೇರಿ ಅರಸನಾಗುತ್ತಾನೆ. ಮಕ್ಕಳಾಟದ ಡಬ್ಬಿಯೊಳಗೆ ಇಂಥ ಕಥೆಯೇ ಎಂದು ಬೆರಗಾಗಿದ್ದೆ.

ಪ್ಲೇಸ್ಟೇಷನ್ನಿನಲ್ಲಿ ಈ ಆಟ ಯುರೋಪಿಗೆ ಅಧಿಕೃತವಾಗಿ ಬರಲೇ ಇಲ್ಲ. ಟಿವಿಯ ಪ್ರಸಾರ ಪದ್ಧತಿಯ ಲೆಕ್ಕದಲ್ಲಿ ನಾವೂ ಯುರೋಪಿನಂತೆ ಪಿಎಎಲ್ ಪಂಗಡದವರೇ, ಹಾಗಾಗಿ ಇತ್ತ ಕಡೆ ಅದನ್ನು ಕಂಡವರು ಕಡಿಮೆ. ಕಲ್ಯಾಣ್, ಡೊಂಬಿವಲಿಯ ವಿಡಿಯೋಗೇಮ್ ಪಾರ್ಲರುಗಳಲ್ಲಿ ನಕಲಿ ಸೀಡಿಗಳಿಗೆ ಬರ ಇರಲಿಲ್ಲ ನಿಜ. ಆದರೆ ಪಾರ್ಲರಿನ ಬಾಡಿಗೆ ಗಂಟೆಯ ಲೆಕ್ಕದ್ದು. ಕೊಟ್ಟ ದುಡ್ಡಿಗೆ ಹುಡುಗರು ‘ಟೆಕ್ಕನ್’ನಲ್ಲಿ ಒಬ್ಬರನ್ನೊಬ್ಬರು ಒದ್ದು ಎದ್ದು ಹೋಗುತ್ತಿದ್ದರು. ಒಂದೇ ಯುದ್ಧಕ್ಕೆ ಮುಕ್ಕಾಲು ಗಂಟೆ ಹಿಡಿಯುವ, ಮೆಮರಿ ಕಾರ್ಡಿನಲ್ಲಿ ಉಳಿಸಿಟ್ಟು ನಾಳೆ ಮತ್ತೆ ಬಂದು ಮುಂದುವರಿಸಬೇಕಾದ ಆಟ ಅಲ್ಲಿ ಯಾರಿಗೆ ಬೇಕು? ಬಾಡಿಗೆಯ ಗಡಿಯಾರ ಓಡುತ್ತಿರುವಾಗ ಗಲ್ಲಕ್ಕೆ ಕೈಯಿಟ್ಟು ಯೋಚಿಸುವವನನ್ನು ಪಾರ್ಲರಿನವನು ಹುಚ್ಚನೆಂದೇ ತಿಳಿಯುತ್ತಿದ್ದ.

ಹತ್ತು ವರ್ಷದ ಮೇಲೆ, 2007ರಲ್ಲಿ, ಆ ಆಟ ಸೋನಿಯ ಪಿಎಸ್‌ಪಿ ಎಂಬ ಕೈಯಲ್ಲಿ ಹಿಡಿದಾಡುವ ಯಂತ್ರಕ್ಕೆ ಇಳಿಯಿತು. ‘ದ ವಾರ್ ಆಫ್ ದ ಲಯನ್ಸ್’ ಎಂಬ ಬಾಲಂಗೋಚಿ ಸೇರಿಕೊಂಡಿತು. ದುಬಾಯಿಯಲ್ಲಿದ್ದ ದೊಡ್ಡಮ್ಮನ ಮಗ, ನಮಗೆಲ್ಲ ಅಣ್ಣ, ರಜೆಗೆ ಬಂದವನು ಯಂತ್ರವನ್ನೂ ಡಿಸ್ಕನ್ನೂ ನನಗೇ ಬಿಟ್ಟು ಹೋದ. ಅರವತ್ತು ಮಿಲಿಮೀಟರಿನ ಪುಟ್ಟ ತಟ್ಟೆ, ಯುಎಂಡಿ, ಪ್ಲಾಸ್ಟಿಕ್ ಚಿಪ್ಪಿನೊಳಗೆ ಗಿರ್ರನೆ ತಿರುಗುತ್ತಿತ್ತು. ಪರದೆ 4.3 ಇಂಚು, ಅಡ್ಡಕ್ಕೆ 480 ಚುಕ್ಕಿ, ಉದ್ದಕ್ಕೆ 272.

ಕಸುಬುದಾರನ ಕಣ್ಣಿನಿಂದ ನಾನು ಅದನ್ನು ನೋಡಿದೆ. ಮೊದಲ ಪ್ಲೇಸ್ಟೇಷನ್ನಿನ ಮುಖ್ಯ ಮೆಮರಿ ಬರೀ 2 ಮೆಗಾಬೈಟ್. ಆ ಇಕ್ಕಟ್ಟಿನಲ್ಲಿ ಮೂಲ ಆಟ ಕಟ್ಟಿದವರು ಮಾಡಿದ ಉಳಿತಾಯ ಒಂದೊಂದೂ ಕಣ್ಣಿಗೆ ಬೀಳುತ್ತಿತ್ತು. ನೆಲ ಮಾತ್ರ ಮೂರು ಆಯಾಮದ್ದು, ಹಾಗಾಗಿ ಅದನ್ನು ತಿರುಗಿಸಿ ನೋಡಬಹುದು. ಅದರ ಮೇಲೆ ನಿಂತ ಮನುಷ್ಯರು ಕಾಗದದಂತೆ ಚಪ್ಪಟೆ. ಮುಖದಲ್ಲಿ ಮೂಗೇ ಇಲ್ಲ! ಅಕಿಹಿಕೊ ಯೊಶಿದಾ ಬರೆದ ಆ ಮೂಗಿಲ್ಲದ ಮುಖಗಳಲ್ಲಿ ದುಃಖ ಕಂಡಷ್ಟು ಇವತ್ತಿನ ಕೋಟಿ ರೂಪಾಯಿಯ ಮುಖಗಳಲ್ಲಿ ನನಗೆ ಕಂಡಿಲ್ಲ. ಪಿಎಸ್‌ಪಿಗೆ ಇಳಿಸಿದವರು ಪರದೆಯನ್ನು ಅಗಲ ಮಾಡಿದರು, ಕಥೆಯ ಮುಖ್ಯ ಘಟ್ಟಗಳಿಗೆ ಕೈಯಲ್ಲಿ ಬರೆದಂತೆ ತೋರುವ ಚಲನಚಿತ್ರದ ತುಣುಕುಗಳನ್ನು ಸೇರಿಸಿದರು, ಹೊಸ ಕಸುಬುಗಳನ್ನು ಕೊಟ್ಟರು, ಇಂಗ್ಲಿಷ್ ಮಾತುಗಳನ್ನು ಪೂರ್ತಿ ಹೊಸದಾಗಿ ಬರೆಸಿದರು. ಮೊದಲ ಇಂಗ್ಲಿಷ್ ಅನುವಾದ ತಪ್ಪುಗಳಿಗೇ ಹೆಸರಾಗಿತ್ತು. ಹೊಸದು ಹಳೆಗಾಲದ ನಾಟಕದ ಠೇಂಕಾರದ್ದು, ನಮ್ಮ ಕಂಪನಿ ನಾಟಕದ ರಾಜಪಾರ್ಟಿನವರು ನೆನಪಾಗುವಷ್ಟು.

ಎಡವಟ್ಟೂ ಒಂದಿತ್ತು. ಪಿಎಸ್‌ಪಿಯ ಪ್ರೊಸೆಸರಿನ ವೇಗ 333 ಮೆಗಾಹರ್ಟ್ಸ್ ತನಕ ಹೋಗುತ್ತದೆ, ಹಳೆಯ ಪ್ಲೇಸ್ಟೇಷನ್ನಿನದಕ್ಕೆ ಹತ್ತು ಪಟ್ಟು. ಇಷ್ಟಿದ್ದೂ ಮಂತ್ರ ಹಾಕುವ ಹೊತ್ತಿಗೆ ಆಟ ತೆವಳುತ್ತಿತ್ತು. ಬೆಂಕಿ ಸುರಿಯುವುದೂ ನಿಧಾನ, ಮಿಂಚು ಹೊಡೆಯುವುದೂ ನಿಧಾನ. ಆಡುವವರು ಕಂಪನಿಗೆ ಶಾಪ ಹಾಕಿದರು. ನನಗೆ ಮಾತ್ರ ಆ ಹೆಸರಿಲ್ಲದ ಪೋರ್ಟಿಂಗ್ ಹುಡುಗರ ಮೇಲೆ ಮರುಕ. ಒಂದು ಯಂತ್ರದ ನರನಾಡಿ ಹಿಡಿದು ಬರೆದ ಪ್ರೋಗ್ರಾಮು ಇನ್ನೊಂದು ಯಂತ್ರದಲ್ಲಿ, ಅದು ಎಷ್ಟೇ ಬಲಶಾಲಿಯಾಗಿರಲಿ, ಸುಮ್ಮನೆ ಓಡುವುದಿಲ್ಲ. ಪ್ರತಿ ಮಂತ್ರದ ಹಿಂದೆ ಮಹಾಪೆಯಲ್ಲಿ ನಾವು ಕಳೆದಂಥ ರಾತ್ರಿಗಳಿರುತ್ತವೆ. ಆಮೇಲೆ ಆಟದ ಮೋಹದವರೇ ಯಾರೋ ಆ ನಿಧಾನವನ್ನು ಕಳೆಯುವ ಪ್ಯಾಚ್ ಬರೆದು ಹಂಚಿದರು. ಸಂಬಳಕ್ಕೆ ಮಾಡಿದ್ದನ್ನು ಪ್ರೀತಿಗೆ ಮಾಡಿದವರು ತಿದ್ದಿದರು.

ಈ ಬಗೆಯ ಆಟ ಇರಬೇಕಾದ ಜಾಗ ಅಂಗೈಯೇ ಎಂದು ನನಗೆ ಗೊತ್ತಾದದ್ದು ಲೋಕಲ್ ಗಾಡಿಯಲ್ಲಿ. ಆಗ ನನ್ನ ಕೆಲಸ ಮುಂಬಯಿಯ ಫೋರ್ಟಿಗೆ ಬದಲಾಗಿತ್ತು. ಡೊಂಬಿವಲಿಯಿಂದ ಆಗಿನ ಸಿಎಸ್‌ಟಿ ಸ್ಟೇಷನ್ನಿಗೆ 48 ಕಿಲೋಮೀಟರ್, ಫಾಸ್ಟ್ ಗಾಡಿಯಲ್ಲೂ ಒಂದು ಗಂಟೆಯ ಮೇಲೆ. ಬೆಳಗ್ಗೆ ಡೊಂಬಿವಲಿಯಲ್ಲಿ ಸೀಟು ಸಿಗುವ ಮಾತಿಲ್ಲ. ಅದಕ್ಕೇ ಕಲ್ಯಾಣಿಗೆ ಹೋಗುವ ಗಾಡಿ ಹತ್ತಿ, ಹಿಂದಕ್ಕೆ ಹೋಗಿ, ಅದೇ ಗಾಡಿ ಮುಂಬಯಿಗೆ ತಿರುಗುವಾಗ ಕೂತೇ ಇರುವ ‘ರಿಟರ್ನ್’ ಪದ್ಧತಿ ನಮ್ಮಲ್ಲಿತ್ತು. ಕಲ್ಯಾಣಿನವರ ಬೈಗುಳ ಉಚಿತ. ಹಾಗೆ ಗಿಟ್ಟಿಸಿದ ಸೀಟಿನಲ್ಲಿ ಮೊಣಕೈ ಅಲುಗಿಸಲು ಜಾಗವಿರಲಿಲ್ಲ. ಆದರೆ ಸರದಿಯ ಆಟಕ್ಕೆ ಎರಡು ಹೆಬ್ಬೆರಳು ಸಾಕು. ಯಾರಾದರೂ ತುಳಿದರೆ ತಲೆಯೆತ್ತಿ ಎರಡು ಮಾತು ಬೈದು ಬರುವತನಕವೂ ಶತ್ರು ತನ್ನ ಮನೆಯಲ್ಲೇ ತಾಳ್ಮೆಯಿಂದ ನಿಂತಿರುತ್ತಿದ್ದ. ದಾದರ್ ಬಂತೆನ್ನುವಾಗ ಬದಿಯ ಗುಂಡಿಯನ್ನು ಒಮ್ಮೆ ಮೇಲಕ್ಕೆ ಸರಿಸಿದರೆ ಯುದ್ಧ ಇದ್ದಲ್ಲೇ ನಿದ್ದೆ ಹೋಗುತ್ತಿತ್ತು. ಸಂಜೆ ಎಬ್ಬಿಸಿದರೆ ಎತ್ತಿದ ಕತ್ತಿ ಎತ್ತಿದಂತೆಯೇ ಇರುತ್ತಿತ್ತು.

ಫಾಸ್ಟ್ ಗಾಡಿಗಳು ಆಗ ಪಾರ್ಸಿಕ್ ಸುರಂಗದೊಳಗಿಂದ ಹೋಗುತ್ತಿದ್ದವು. 1916ರಲ್ಲಿ ತೆರೆದ, 1.3 ಕಿಲೋಮೀಟರ್ ಉದ್ದದ ಸುರಂಗವದು. ಒಳಗೆ ಹೊಕ್ಕ ಕೂಡಲೇ ಎಲ್ಲರ ಫೋನಿನ ಮಾತು ಅರ್ಧಕ್ಕೆ ಕಡಿಯುತ್ತಿತ್ತು. ‘ಹಲೋ, ಹಲೋ’ ಎಂಬ ಹತ್ತಾರು ಗಂಟಲು, ಆಮೇಲೆ ಚಕ್ರದ ಸದ್ದು ಮಾತ್ರ. ನನ್ನ ಇವಲೀಸಿಗೆ ಸಿಗ್ನಲ್ಲಿನ ಹಂಗಿರಲಿಲ್ಲ.

ಗಾಡಿಯ ನಮ್ಮ ಡಬ್ಬಿಯಲ್ಲಿ ನನಗಿಂತ ದೊಡ್ಡ ರಣನೀತಿಜ್ಞರಿದ್ದರು. ನಾಲ್ಕು ಜನ ಎದುರುಬದುರು ಕೂತು, ತೊಡೆಗಳ ಮೇಲೆ ಬ್ರೀಫ್‌ಕೇಸ್ ಇಟ್ಟು, ಮೆಂಡಿಕೋಟ್ ಎಂಬ ಇಸ್ಪೀಟಾಟ ಆಡುವವರು. ಯಾವ ಎಲೆ ಹೋಗಿದೆ, ಯಾರ ಕೈಯಲ್ಲಿ ಹತ್ತು ಉಳಿದಿದೆ ಎಂಬ ಲೆಕ್ಕ ಅವರಿಗೆ ಮುಲುಂಡ್ ಬರುವಷ್ಟರಲ್ಲಿ ಬಾಯಿಪಾಠ. ಅವರಲ್ಲೊಬ್ಬರು ಉಡುಪಿ ಕಡೆಯವರು, ಸಿಂಡಿಕೇಟ್ ಬ್ಯಾಂಕಿನಲ್ಲಿದ್ದರು. ಒಂದು ದಿನ ನನ್ನ ಪರದೆಯನ್ನು ಇಣುಕಿ ನೋಡಿದರು.

“ಎಂತ ಮಾರಾಯ ಇದು?”

“ಯುದ್ಧದ ಆಟ ಮಾಮ. ಚೆಸ್ಸಿನ ಹಾಗೆ.”

“ಎದುರಿಗೆ ಯಾರು?”

“ಯಾರೂ ಇಲ್ಲ, ಯಂತ್ರವೇ ಆಡ್ತದೆ.”

“ಒಬ್ಬನೇ ಆಡುದಾದ್ರೆ ಮೋಸ ಮಾಡುದು ಯಾರಿಗೆ ಮಾರಾಯ?” ಎಂದು ನಕ್ಕು ತಮ್ಮ ಎಲೆಗೆ ತಿರುಗಿದರು. ಆದರೆ ಮರುದಿನದಿಂದ ಅವರ ಕಣ್ಣು ಆಗಾಗ ಇತ್ತ ಬರತೊಡಗಿತು. ಈ ಆಟದಲ್ಲಿ ನೆಲಕ್ಕೆ ಬಿದ್ದವನ ತಲೆಯ ಮೇಲೆ ಮೂರು ಎಂಬ ಅಂಕಿ ಮೂಡುತ್ತದೆ. ಅವನ ಸರದಿ ಬಂದಂತೆಲ್ಲ ಅದು ಇಳಿಯುತ್ತದೆ. ಅಷ್ಟರೊಳಗೆ ಯಾರಾದರೂ ಹೋಗಿ ಎಬ್ಬಿಸದಿದ್ದರೆ ಅವನು ಸ್ಫಟಿಕವಾಗಿ ಹೋದ, ಮತ್ತೆ ಬರುವವನಲ್ಲ. ನನ್ನ ಬಿಲ್ಲುಗಾರನೊಬ್ಬನ ಅಂಕಿ ಸೊನ್ನೆಗೆ ಬಂದಾಗ ಮಾಮ ಮೆಂಡಿಕೋಟ್ ಬಿಟ್ಟು “ಛೇ, ಅವನನ್ನು ಮುಂದೆ ಕಳಿಸಬಾರ್ದಿತ್ತು” ಎಂದು ಗಟ್ಟಿಯಾಗಿ ಹೇಳಿದ್ದು ನೆನಪಿದೆ. 2011ರಲ್ಲಿ ‘ಟ್ಯಾಕ್ಟಿಕ್ಸ್ ಓಗರ್’ ಕೂಡ ಇಂಗ್ಲಿಷಿನಲ್ಲಿ ಪಿಎಸ್‌ಪಿಗೆ ಬಂತು. ಅದರಲ್ಲಿ ಐವತ್ತು ನಡೆಯಷ್ಟು ಹಿಂದಕ್ಕೆ ಹೋಗಿ ತಪ್ಪು ತಿದ್ದಿಕೊಳ್ಳುವ ಅನುಕೂಲ ಕೊಟ್ಟಿದ್ದರು. ಲೋಕಲ್ಲಿನಲ್ಲಿ ಆಡುವವನಿಗೆ ಅದು ದಯೆಯೇ. ಆದರೂ ನನಗೆ ಹಿಡಿಸಲಿಲ್ಲ. ಮೆಂಡಿಕೋಟಿನಲ್ಲಿ ಇಳಿಸಿದ ಎಲೆಯನ್ನು ಹಿಂದಕ್ಕೆ ತೆಗೆಯಲು ಮಾಮನ ಗುಂಪು ಬಿಡುತ್ತಿತ್ತೇ?

ನಾನೂ ಒಂದು ಹಳೆಯ ಆಟವನ್ನು ಅಂಗೈಗೆ ಇಳಿಸಿದ್ದೆ. ಆಫೀಸಿಗಾಗಿ ಅಲ್ಲ, ಅಮ್ಮನಿಗಾಗಿ. ಊರಿನಿಂದ ತಂದ ಚೆನ್ನೆಮಣೆ ನಮ್ಮ ಡೊಂಬಿವಲಿಯ ಮನೆಯ ಅಟ್ಟದಲ್ಲಿತ್ತು. ಎರಡು ಸಾಲಿನಲ್ಲಿ ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಕಾಯಿ. ಅಮ್ಮ ಅದನ್ನು ತುಳುವರ ಆಟಿ ತಿಂಗಳಲ್ಲಿ ಮಾತ್ರ ಕೆಳಗಿಳಿಸುತ್ತಿದ್ದಳು. ಅಕ್ಕತಂಗಿಯರನ್ನು ಎದುರುಬದುರು ಕೂತು ಆಡಲು ಬಿಡುತ್ತಲೇ ಇರಲಿಲ್ಲ. ತುಳುವಿನ ಜನಪದ ಹಾಡು ಸಿರಿಯ ಪಾಡ್ದನದಲ್ಲಿ ಅಬ್ಬಗ–ದಾರಗ ಎಂಬ ಅವಳಿಗಳಿಗೆ ಚೆನ್ನೆಯಾಟದಲ್ಲೇ ಜಗಳ ಹತ್ತಿ ಸಾವಿನಲ್ಲಿ ಮುಗಿಯುತ್ತದೆ, ಆ ಭಯ. ಕಾಯಿ ಎಣಿಸಿ, ಎದುರಾಳಿಯ ಗುಳಿ ಎಲ್ಲಿ ಬರಿದಾಗುತ್ತದೆಂದು ಮುಂದಾಗಿ ಲೆಕ್ಕ ಹಾಕುವ ಆ ಆಟ ಯಾವ ಜಪಾನಿ ಆಟಕ್ಕೂ ಕಡಿಮೆಯದಲ್ಲ. ರಜಾದಿನಗಳಲ್ಲಿ ಕೂತು ಅದನ್ನು ಅಮ್ಮನ ನೋಕಿಯಾಕ್ಕೆ ಬರೆದೆ. 64 ಕಿಲೋಬೈಟಿನ ಅರ್ಧವೂ ಬೇಕಾಗಲಿಲ್ಲ. ಎರಡು ನಡೆ ಮುಂದೆ ಯೋಚಿಸುವ ಎದುರಾಳಿಯನ್ನೂ ಇಟ್ಟೆ. ಅಮ್ಮ ಆಡಿ ನೋಡಿ, “ಎಲ್ಲ ಸರಿ, ಕಾಯಿ ಹಾಕುವ ಸದ್ದೇ ಇಲ್ವಲ್ಲ” ಎಂದಳು. ಮತ್ತೆ ಕೂತು ಒಂದೊಂದು ಕಾಯಿಗೂ ಒಂದೊಂದು ಸದ್ದು ಕೊಟ್ಟೆ. ಕೋಳಿಮರಿ ಕೂಗಿದ ಹಾಗೆ ಬಂತು. ಅಮ್ಮ ಬಿದ್ದು ಬಿದ್ದು ನಕ್ಕಳು. ಆದರೆ ಆಟಿ ಅಲ್ಲದ ತಿಂಗಳಲ್ಲೂ ಆ ಕೋಳಿಮರಿಗಳು ಅಡುಗೆಮನೆಯಲ್ಲಿ ಕೂಗುತ್ತಿದ್ದವು. ಮಣೆಗಿದ್ದ ಕಟ್ಟು ಫೋನಿಗೆ ಇಲ್ಲವೆಂದು ಅವಳೇ ತೀರ್ಮಾನಿಸಿರಬೇಕು. ನಮ್ಮ ದೇಶದ ಆಟಗಳನ್ನು ಪಿಎಸ್‌ಪಿಗೆ ತರುವ ಪ್ರಯತ್ನ ದೊಡ್ಡ ಮಟ್ಟದಲ್ಲೂ ನಡೆದಿತ್ತು. ಹೈದರಾಬಾದಿನ ಗೇಮ್‌ಶಾಸ್ತ್ರ ಕಂಪನಿ 2009ರಲ್ಲಿ ಕಬಡ್ಡಿ, ಗಿಲ್ಲಿದಾಂಡುಗಳನ್ನೆಲ್ಲ ಸೇರಿಸಿ ‘ದೇಸಿ ಅಡ್ಡಾ’ ಮಾಡಿತು. ಅದು ಬಯಲಿನ ಆಟಗಳ ಮಾತು. ನನ್ನ ಮನಸ್ಸಿದ್ದದ್ದು ಕೂತು ಆಡುವ ಆಟದಲ್ಲಿ.

ಇದೆಲ್ಲ ಹೇಗೆ ಕರಗಿತು ಎಂದು ಹೇಳಲು ಹೆಚ್ಚು ಮಾತು ಬೇಡ. ಟಚ್ ಫೋನುಗಳು ಬಂದವು, ಎಲ್ಲದರಲ್ಲೂ ಎಲ್ಲವೂ ಓಡತೊಡಗಿತು. 64 ಕಿಲೋಬೈಟಿನ ಗಡಿ ಹೋದ ದಿನವೇ ನಮ್ಮ ಕಸುಬು ಮುಗಿದಿತ್ತು. ಜೊತೆಯಲ್ಲಿದ್ದವರು ಐರೋಲಿಯ ಕಡೆ ಬ್ಯಾಂಕ್ ಸಾಫ್ಟ್‌ವೇರ್ ಬರೆಯಲು ಹೋದರು, ಕೆಲವರು ಪುಣೆಗೆ. ಸೋನಿ 2014ರಲ್ಲಿ ಪಿಎಸ್‌ಪಿ ಮಾರುವುದನ್ನು ನಿಲ್ಲಿಸಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು. ಅದರ ಕಾರ್ಯಸ್ಥಾನವೂ ಅದೇ ಥಾಣೆ–ಬೇಲಾಪುರ ರಸ್ತೆಯ ಘಣಸೋಲಿಯಲ್ಲಿ! ಡೇಟಾ ನೀರಾಯಿತು. ಲೋಕಲ್ಲಿನಲ್ಲಿ ಮೆಂಡಿಕೋಟಿನ ಬ್ರೀಫ್‌ಕೇಸುಗಳು ಒಂದೊಂದಾಗಿ ಕಡಿಮೆಯಾದವು. ಬ್ರೀಫ್‌ಕೇಸ್ ಹಿಡಿಯುವವರೇ ಕಡಿಮೆಯಾದರು ಅನ್ನಿ. ಪಿಎಸ್‌ಪಿಯಿಂದಲೇ ಆಟ ಕೊಳ್ಳುವ ಅಂಗಡಿಯೂ ಮುಚ್ಚಿತು.

ಕೈಯಲ್ಲಿ ಹಿಡಿಯುವ ಯಂತ್ರಗಳು ಸತ್ತಿಲ್ಲ, ಅದು ನನಗೂ ಗೊತ್ತು. ನಿಂಟೆಂಡೊ ಸ್ವಿಚ್ ಇದೆ, ಸ್ಟೀಮ್ ಡೆಕ್ ಇದೆ. ‘ಟ್ಯಾಕ್ಟಿಕ್ಸ್ ಓಗರ್’ 2022ರಲ್ಲಿ ಮತ್ತೆ ಬಂತು. ‘ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್’ 2025ರ ಸೆಪ್ಟೆಂಬರ್ 30ರಂದು ‘ದ ಇವಲೀಸ್ ಕ್ರಾನಿಕಲ್ಸ್’ ಎಂಬ ಹೆಸರಿನಲ್ಲಿ ಹೊಸ ಬಟ್ಟೆ ತೊಟ್ಟು ಬಂದಿದೆ, ಸ್ವಿಚ್‌ನಲ್ಲೂ ಸಿಗುತ್ತದೆ. ಪಾತ್ರಗಳಿಗೆ ದನಿ ಬಂದಿದೆ, ಚಿತ್ರ ನುಣುಪಾಗಿದೆ. ಈಗಿನ ಇಳಿಸುವಿಕೆ ಎಂದರೆ ಸೇರಿಸುವುದು. ಏನನ್ನು ಬಿಟ್ಟರೆ ಆಟದ ಜೀವ ಉಳಿದೀತು ಎಂದು ತೂಗಿ ನೋಡುವ ಕೈ ಅದಕ್ಕೆ ಬೇಕಿಲ್ಲ.

ನನ್ನ ದುಃಖ ಬೇರೆಯೇ ಇದೆ. ಈ ಹೊಸ ಆವೃತ್ತಿ ಮಾಡಲು ಹೊರಟವರಿಗೆ 1997ರ ಮೂಲ ಪ್ರೋಗ್ರಾಮೇ ಕೈಗೆ ಸಿಗಲಿಲ್ಲ. ನಿರ್ದೇಶಕ ಕಝುತೊಯೊ ಮಾಯೆಹಿರೊ ಅವರೇ ಇದನ್ನು ಬಹಿರಂಗವಾಗಿ ಹೇಳಿದ್ದಾರೆ. ಆ ಕಾಲದಲ್ಲಿ ಅದನ್ನೆಲ್ಲ ಜೋಪಾನ ಮಾಡುವ ರೂಢಿಯೇ ಇರಲಿಲ್ಲವಂತೆ. ಮಾರಾಟವಾದ ಹಳೆಯ ಆವೃತ್ತಿಗಳನ್ನು ಆಡಿ, ಬಿಚ್ಚಿ, ಅಭಿಮಾನಿಗಳು ಬರೆದಿಟ್ಟ ಟಿಪ್ಪಣಿಗಳನ್ನೂ ನೋಡಿ ಮತ್ತೆ ಕಟ್ಟಬೇಕಾಯಿತು. ಇನ್ನೊಂದು ಸಂಗತಿ. 2007ರಲ್ಲಿ ಪಿಎಸ್‌ಪಿಗೆಂದು ಸೇರಿಸಿದ್ದ ಕಸುಬುಗಳನ್ನೂ ಪಾತ್ರಗಳನ್ನೂ ಹೊಸದರಲ್ಲಿ ಕೈಬಿಟ್ಟಿದ್ದಾರೆ. ಹಾಗಾಗಿ ಪಾರ್ಸಿಕ್ ಸುರಂಗದಲ್ಲಿ ನಾನು ಆಡಿದ ಆಟ ಈಗ ಆ ಪುಟ್ಟ ತಟ್ಟೆಯಲ್ಲಿ ಮತ್ತು ಅದರಿಂದ ಹುಟ್ಟಿದ ಫೋನಿನ ಆವೃತ್ತಿಗಳಲ್ಲಿ ಮಾತ್ರ ಉಳಿದಿದೆ. ಜಗತ್ತೇ ಕೊಂಡಾಡಿದ ಆಟದ ಗತಿ ಇದು. ಹಾಗಿದ್ದರೆ ಮಹಾಪೆಯಲ್ಲಿ ನಾವು ರಾತ್ರಿಯಿಡೀ ಕೂತು ಇಳಿಸಿದವುಗಳ ಗತಿಯೇನು? ಅವುಗಳ ಮೇಲೆ ನಮ್ಮ ಹೆಸರಿರಲಿಲ್ಲ. ಸರ್ವರು ಮುಚ್ಚಿದಾಗ ಆಟವೂ ಹೋಯಿತು, ಫೋನು ಭಂಗಾರಕ್ಕೆ, ಅಂದರೆ ಗುಜರಿಗೆ, ಹೋದಾಗ ಕೊನೆಯ ಪ್ರತಿಯೂ ಹೋಯಿತು. ಅಮ್ಮನ ಚೆನ್ನೆಮಣೆ ಆಟವೂ ಅವಳ ನೋಕಿಯಾದ ಜೊತೆಗೇ ಸತ್ತಿತು. ಮರದ ಮಣೆ ಮಾತ್ರ ಇವತ್ತಿಗೂ ಅಟ್ಟದಲ್ಲಿ ಗಟ್ಟಿಮುಟ್ಟಾಗಿದೆ.

ಮುಂಬಯಿಯ ಕನ್ನಡಿಗರು ಬರೆದಿಡುವುದರಲ್ಲಿ ಹಿಂದೆ ಬಿದ್ದವರಲ್ಲ. ಹೋಟೆಲು ಕಟ್ಟಿದವರ ಚರಿತ್ರೆ ಇದೆ, ರಾತ್ರಿಶಾಲೆಗಳ ಚರಿತ್ರೆ ಇದೆ, ಯಕ್ಷಗಾನ ಮಂಡಳಿಗಳದ್ದು ಇದೆ, ಸಂಘಗಳ ಸ್ಮರಣ ಸಂಚಿಕೆಗಳಂತೂ ಕಪಾಟಿನ ತುಂಬ ಇವೆ. ಮೊಬೈಲಿನೊಳಗೆ ಯುದ್ಧಗಳನ್ನು ಮಡಚಿಟ್ಟ ನಮ್ಮ ಹುಡುಗ ಹುಡುಗಿಯರ ಬಗ್ಗೆ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಡೊಂಬಿವಲಿಯ ಕರ್ನಾಟಕ ಸಂಘವೋ ಥಾಣೆ, ಕಲ್ಯಾಣ್, ವಾಶಿಯ ಸಂಘಗಳೋ ಮುಂದಿನ ಸಂಚಿಕೆಯಲ್ಲಿ ಇದಕ್ಕೆ ನಾಲ್ಕು ಪುಟ ಕೊಟ್ಟರೆ ಕಾಗದ ದಂಡವಾಗದು. ಮಹಾಪೆ, ಅಂಧೇರಿ, ಬೆಂಗಳೂರು, ಹೈದರಾಬಾದು ಎಲ್ಲೇ ಇರಲಿ, ಆ ಕೆಲಸ ಮಾಡಿದವರು ಯಾರಾದರೂ ಇದನ್ನು ಓದುತ್ತಿದ್ದರೆ ಎರಡು ಹಾಳೆಯಾದರೂ ಬರೆದು ಕಳಿಸಿ. ಯಾವ ಆಟ, ಯಾವ ಫೋನು, ಏನನ್ನು ತೆಗೆದಿರಿ, ಯಾಕೆ ತೆಗೆದಿರಿ, ಅಷ್ಟು ಸಾಕು.

ಮಿಕ್ಕವರಲ್ಲಿ ಒಂದೇ ವಿನಂತಿ. ಮನೆಯ ಡ್ರಾಯರಿನಲ್ಲಿ ಹಳೆಯ ನೋಕಿಯಾ ಇದ್ದರೆ, ಮಗನೋ ತಮ್ಮನೋ ಬಿಟ್ಟುಹೋದ ಪಿಎಸ್‌ಪಿ ಇದ್ದರೆ, ಭಂಗಾರದವನಿಗೆ ಕೊಡುವ ಮೊದಲು ಒಮ್ಮೆ ಹೊರಗೆ ತೆಗೆಯಿರಿ. ಮೆಮರಿ ಕಾರ್ಡಿನಲ್ಲಿ ಇರುವುದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಬ್ಯಾಟರಿ ಉಬ್ಬಿದ್ದರೆ ಮೊದಲು ಅದನ್ನು ಜೋಪಾನವಾಗಿ ತೆಗೆದು ಬೇರೆ ಇಡಿ. ಚುಚ್ಚಬೇಡಿ, ಚಾರ್ಜಿಗೆ ಹಾಕಬೇಡಿ.